ಸತ್ಯಾಂಶ: ಹನ್ನೊಂದೂ ಮಂದಿ ಬರಿಗಾಲಲ್ಲೇ ಆಡಿದ್ದರೇ?

ಕಕ್ಕಡದ ಮಳೆಯ ನಡುವೆ ಜುಲೈ 29 ಬಂತೆಂದರೆ ಕೊಡಗಿನ ಫುಟ್‌ಬಾಲ್ ಪ್ರಿಯರ ವಾಟ್ಸ್ಆಪ್‌ಗೆ ಈ ಫಾರ್ವರ್ಡ್ ಬಂದೇ ಬರುತ್ತದೆ: '1911ರಲ್ಲಿ ಮೋಹನ್ ಬಗಾನ್‌ನ ಹನ್ನೊಂದೂ ಆಟಗಾರರು ಬರಿಗಾಲಲ್ಲಿ ಬ್ರಿಟಿಷರನ್ನು ಸೋಲಿಸಿದರು, ಹೆದರಿದ ಸರ್ಕಾರ ರಾಜಧಾನಿಯನ್ನೇ ದೆಹಲಿಗೆ ಒಯ್ದಿತು.'

ಗೆಲುವು ನಿಜ. ಕಲ್ಕತ್ತಾದ ಐಎಫ್‌ಎ ಶೀಲ್ಡ್ ಫುಟ್‌ಬಾಲ್ ಟೂರ್ನಿಯ ಫೈನಲ್‌ನಲ್ಲಿ ಬ್ರಿಟಿಷ್ ಸೇನೆಯ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್ ಮೊದಲು ಗೋಲು ಹೊಡೆಯಿತು. ಕಲ್ಕತ್ತಾದ ಕ್ಲಬ್ ಮೋಹನ್ ಬಗಾನ್‌ನ ನಾಯಕ ಶಿಬ್‌ದಾಸ್ ಭಾದುರಿ ಸಮ ಮಾಡಿದರು, ಅಭಿಲಾಷ್ ಘೋಷ್ ಪಂದ್ಯ ಗೆಲ್ಲಿಸಿದರು: 2–1. ಆದರೆ ಬರಿಗಾಲಲ್ಲಿದ್ದವರು ಹತ್ತೇ ಮಂದಿ. ಡಿಫೆಂಡರ್ ಸುಧೀರ್ ಚಟರ್ಜಿ ಬೂಟು ಹಾಕಿದ್ದರು. (ಸುಂಟಿಕೊಪ್ಪದ ಕೆಸರಲ್ಲಿ ಬೂಟುಗಾಲಿನ ತುಳಿತ ತಿಂದವರನ್ನು ಕೇಳಿ, ಹತ್ತು ಮಂದಿಯದೇ ದೊಡ್ಡ ಸಾಹಸ!)

ಇನ್ನು ರಾಜಧಾನಿ ಬದಲಾವಣೆ ಘೋಷಣೆಯಾದದ್ದು ಅದೇ ಡಿಸೆಂಬರ್‌ನಲ್ಲಿ, ಹೌದು. ಅದಕ್ಕೆ ಕಾರಣ ಫುಟ್‌ಬಾಲ್ ಅಲ್ಲ. 1905ರ ಬಂಗಾಳ ವಿಭಜನೆಯ ನಂತರದ ರಾಜಕೀಯ.