ಮಂಡಿನೋವಿನ ಇಂಜೆಕ್ಷನ್ ಸಂದೇಶ: ಸ್ಪಷ್ಟನೆ

ಕುಂಬಳೆ, ಮಂಜೇಶ್ವರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಸಂದೇಶ: ‘ಹಿರಿಯರ ಮಂಡಿನೋವಿಗೆ ಆಶಾ ಕಾರ್ಯಕರ್ತೆ ಮನೆಗೇ ಬಂದು ಇಂಜೆಕ್ಷನ್ ಕೊಡುತ್ತಾರೆ, ಅಲ್ಲಿವರೆಗೆ ನಡೆಯದೆ ಡೈಕ್ಲೊಫೆನಾಕ್ (ನೋವಿನ ಮಾತ್ರೆ) ನುಂಗುತ್ತಿರಿ.’ ಮೂರೂ ತಪ್ಪು.

ಇಂಜೆಕ್ಷನ್ ಆಶಾ ಕೆಲಸವಲ್ಲ. ಅವರು ವಿಚಾರಿಸಿ ಆರೋಗ್ಯ ಕೇಂದ್ರಕ್ಕೆ ಕಳುಹಿಸುತ್ತಾರೆ. ಡೈಕ್ಲೊಫೆನಾಕ್‌ನಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಬಿಪಿ ಏರಬಹುದು, ಕಿಡ್ನಿ ಕೆಡಬಹುದು. ಬಿಪಿ ಮಾತ್ರೆ ತಿನ್ನುವ ಅಜ್ಜ-ಅಜ್ಜಿಯರಿಗಂತೂ ವೈದ್ಯರು ಹೇಳದೆ ಬೇಡವೇ ಬೇಡ. ಸವೆದ ಮಂಡಿಗೆ ಸುಮ್ಮನೆ ಕೂರುವುದೂ ಒಳ್ಳೆಯದಲ್ಲ: ತೊಡೆಯ ಸ್ನಾಯು ಸೊರಗಿದಷ್ಟೂ ಕೀಲಿನ ಮೇಲೆ ಭಾರ. ಕುರ್ಚಿಯಲ್ಲಿ ಕೂತು ಒಂದು ಕಾಲು ನೇರ ಚಾಚಿ, 5 ಸೆಕೆಂಡ್ ಹಿಡಿದು ಇಳಿಸಿ. 10 ಸಲ, ಆಮೇಲೆ ಇನ್ನೊಂದು ಕಾಲು. ಉಸಿರು ಬಿಗಿಹಿಡಿಯಬೇಡಿ. ಮಂಡಿ ಕೆಂಪಾಗಿ, ಬಿಸಿಯಾಗಿ ಊದಿದ್ದರೆ ಅಥವಾ ಜ್ವರವಿದ್ದರೆ ವ್ಯಾಯಾಮ ಬಿಟ್ಟು ಅಂದೇ ವೈದ್ಯರಿಗೆ ತೋರಿಸಿ.

ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ.