ಭಾನುವಾರಕ್ಕಿಂತ ಮೊದಲು ಒಂದು ಶನಿವಾರ ಇದೆ

ಸಾವಾದ ಮನೆಗೆ ಹೋದಾಗ ನಮ್ಮ ಕ್ರೈಸ್ತರು ತಪ್ಪದೇ ಆಡುವ ಒಂದು ಮಾತಿದೆ. "ಅಳಬ್ಯಾಡ್ರಿ, ಅವರು ದೇವರ ಹತ್ರ ಹೋಗ್ಯಾರ." ಹೆಣ ಇನ್ನೂ ಪಡಸಾಲೆಯಲ್ಲೇ ಇರುತ್ತದೆ, ಹೆಂಡತಿ ಗೋಡೆಗೆ ಒರಗಿ ಕೂತಿರುತ್ತಾಳೆ, ಬಂದವರು ಒಬ್ಬೊಬ್ಬರಾಗಿ ಬಾಗಿ ಇದನ್ನೇ ಹೇಳಿ ಹೋಗುತ್ತಾರೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ, ಗೊತ್ತು. ಆದರೂ ಈ ಮಾತು ನನಗೆ ಸೇರುವುದಿಲ್ಲ. ಈಸ್ಟರ್ ಹತ್ತಿರ ಬಂದಾಗಲೆಲ್ಲ ಇದರ ಬಗ್ಗೆ ಬರೆಯಬೇಕು ಅಂದುಕೊಂಡು ಸುಮ್ಮನಾಗುತ್ತಿದ್ದೆ. ಈ ಸಲ ಬರೆದೇ ಬಿಡುತ್ತೇನೆ. ನಮ್ಮ ಚರ್ಚ್ ಸಭೆಯ ಹಿರಿಯರು ಓದಿ ಬೈದರೆ ಬೈಯಲಿ.

ಯೇಸು ಸತ್ತು ಮೂರನೆಯ ದಿನ ಎದ್ದು ಬಂದ ಎಂದು ನಂಬುವವನು ನಾನು. ಈಸ್ಟರ್ ಆ ಪುನರುತ್ಥಾನದ ಹಬ್ಬ. ಆ ನಂಬಿಕೆಯಿಂದ ನನಗೆ ಸಿಕ್ಕಿರುವ ಭರವಸೆಯಲ್ಲಿ ಅಳುವಿಗೂ ಸಿಟ್ಟಿಗೂ ದೊಡ್ಡ ಜಾಗ ಇದೆ. ಅಳು ನುಂಗಿಕೊಂಡವರಿಗೆ ಮಾತ್ರ ಈಸ್ಟರ್ ಅಂತಾದರೆ ಅಂಥ ಈಸ್ಟರ್ ನನಗೆ ಬೇಡ.

ನಮ್ಮದು ಮೂಲತಃ ಬೆಟಗೇರಿಯ ಮನೆತನ. ಕ್ರೈಸ್ತ ಧರ್ಮ ಸಾರಲು ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದರು, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ. ಮಗ್ಗದ ಮುಂದೆ ಕೂತಿದ್ದ ನಮ್ಮ ಮುತ್ತಜ್ಜನ ಕಾಲಕ್ಕೆ ಈ ನಂಬಿಕೆ ಮನೆಯೊಳಗೆ ಬಂತು. ನಾನೀಗ ಧಾರವಾಡದಲ್ಲಿದ್ದೇನೆ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ. ಹೀಗಾಗಿ ಓಣಿಯವರಿಗೆ ಕ್ರಿಸ್ಮಸ್ ಕೇಕು ಗೊತ್ತು, ಈಸ್ಟರ್ ಅಷ್ಟಾಗಿ ಗೊತ್ತಿಲ್ಲ. ಗುಡ್ ಫ್ರೈಡೇ ದಿನ ಬೆಳಿಗ್ಗೆ "ಹ್ಯಾಪಿ ಗುಡ್ ಫ್ರೈಡೇ" ಎಂದು ಗುಲಾಬಿ ಹೂವಿನ ಚಿತ್ರ ಕಳಿಸುವ ಗೆಳೆಯರಿದ್ದಾರೆ. ಅವತ್ತು ಯೇಸುವನ್ನು ಶಿಲುಬೆಗೆ ಹಾಕಿದ ದಿನವಪ್ಪಾ ಅಂತ ಎಷ್ಟು ಮಂದಿಗೆ ಹೇಳಲಿ? ಕೈ ಮುಗಿಯುವ ಇಮೋಜಿ ಹಾಕಿ ಬಿಡುತ್ತೇನೆ.

ಆ ಶುಕ್ರವಾರದ ಬಗ್ಗೆ ಬೈಬಲ್ಲಿನ ಸುವಾರ್ತೆಗಳು, ಅಂದರೆ ಯೇಸುವಿನ ಕಥೆ ಹೇಳುವ ನಾಲ್ಕು ಪುಸ್ತಕಗಳು, ಪುಟಗಟ್ಟಲೆ ಹೇಳುತ್ತವೆ. ಭಾನುವಾರದ ಬೆಳಗಿನ ಬಗ್ಗೆಯೂ ಹೇಳುತ್ತವೆ. ನಡುವಿನ ಶನಿವಾರದ ಬಗ್ಗೆ ಹೆಚ್ಚುಕಮ್ಮಿ ಏನೂ ಇಲ್ಲ. ಸಬ್ಬತ್, ಅಂದರೆ ಯೆಹೂದ್ಯರ ವಿಶ್ರಾಂತಿಯ ದಿನವಾದ್ದರಿಂದ ಯೇಸುವಿನ ಜೊತೆ ಬಂದಿದ್ದ ಹೆಂಗಸರು ನಿಯಮದ ಪ್ರಕಾರ ಸುಮ್ಮನಿದ್ದರು ಎಂದು ಸುವಾರ್ತೆ ಬರೆದವರಲ್ಲೊಬ್ಬನಾದ ಲೂಕ ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ನಾವು ಎರಡು ಸಾವಿರ ವರ್ಷದ ಈಚೆ ಕೂತು ಓದುತ್ತೇವೆ, ನಮಗೆ ಮುಂದಿನ ಕಥೆ ಗೊತ್ತು. ಆ ಶನಿವಾರ ಕದ ಹಾಕಿಕೊಂಡು ಕೂತವರಿಗೆ ನಾಳೆ ಈಸ್ಟರ್ ಅಂತ ಯಾರೂ ಹೇಳಿರಲಿಲ್ಲ. ಅವರ ಪಾಲಿಗೆ ಎಲ್ಲ ಮುಗಿದಿತ್ತು. ನಮ್ಮ ಬಾಳಿನ ಬಹುಪಾಲು ಕಳೆಯುವುದು ಇಂಥ ಶನಿವಾರದಲ್ಲೇ. ನಮ್ಮ ಚರ್ಚಿನ ಪ್ರಸಂಗಗಳು ಮಾತ್ರ ಶುಕ್ರವಾರದಿಂದ ಭಾನುವಾರಕ್ಕೆ ಒಂದೇ ಜಿಗಿತಕ್ಕೆ ದಾಟುತ್ತವೆ.

2019 ನೆನಪಿದೆಯಲ್ಲ? ಮಾರ್ಚ್ 19ಕ್ಕೆ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿಯಿತು. ಊರಿಗೆ ಊರೇ ಅಲ್ಲಿ ನಿಂತಿತ್ತು. ಮೂರು ದಿನ ಆದಮೇಲೂ ಕಾಂಕ್ರೀಟಿನ ಅಡಿಯಿಂದ ಜೀವಂತ ಮನುಷ್ಯರನ್ನು ತೆಗೆದರು. ಸುದ್ದಿ ಕೇಳಿದವರೆಲ್ಲ ಪುನರ್ಜನ್ಮ ಅಂದರು. ನಮ್ಮವರಲ್ಲಿ ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ನೋಡ್ರಿ ಮೂರನೇ ದಿನ, ಇದೇ ಪುನರುತ್ಥಾನ ಅಂದರು. ನನಗೆ ಕಸಿವಿಸಿಯಾಯಿತು. ಬದುಕಿ ಬಂದವರ ಬಗ್ಗೆ ಸಂತೋಷ ಯಾರಿಗಿರಲ್ಲ? ಆದರೆ ಅದೇ ಕಲ್ಲುಮಣ್ಣಿನ ಅಡಿ 19 ಜನ ಸತ್ತರು. ಹೊರಗೆ ಬಂದವರಿಗೆ ಈಸ್ಟರ್ ಅಂದರೆ, ಬರದವರ ಮನೆಗೆ ಯಾವ ಹಬ್ಬ?

ಸಾವಿನ ಬಾಯಿಂದ ತಪ್ಪಿಸಿಕೊಳ್ಳುವುದು ಬೇರೆ, ಪುನರುತ್ಥಾನ ಬೇರೆ. ಯೇಸು ತಪ್ಪಿಸಿಕೊಳ್ಳಲಿಲ್ಲ. ಅವನನ್ನು ಶಿಲುಬೆಯಿಂದ ಇಳಿಸಿದ್ದು ಹೆಣವಾದ ಮೇಲೆ. ಹಾಗಾಗಿ ಪುನರುತ್ಥಾನದ ಮಾತು ಮೊದಲು ಸಲ್ಲಬೇಕಾದದ್ದು ಬದುಕಿ ಬರದವರಿಗೆ, ಆಸ್ಪತ್ರೆಯ ಬಿಲ್ ಕಟ್ಟಿಯೂ ಹೆಣ ತಂದವರಿಗೆ, ಹಾವೇರಿ ಕಡೆಯ ಹೊಲದಲ್ಲಿ ಸಾಲಕ್ಕೆ ಹೆದರಿ ಬೆಳೆಗೆ ಹೊಡೆಯುವ ಎಣ್ಣಿ ಕುಡಿದು ಸತ್ತವನ ಮನೆಯವರಿಗೆ. ಪವಾಡ ಆದವರು ಸಾಕ್ಷಿ ಕೊಡಲು ಪ್ರಾರ್ಥನಾ ಕೂಟದಲ್ಲಿ ಮೈಕ್ ಇದ್ದೇ ಇರುತ್ತದೆ. ಆಗದವರನ್ನು ಯಾರೂ ಮೈಕಿಗೆ ಕರೆಯುವುದಿಲ್ಲ.

ಅದೇ ವರ್ಷ ಏಪ್ರಿಲ್ 21ರ ಈಸ್ಟರ್ ದಿನ ಶ್ರೀಲಂಕಾದ ಚರ್ಚುಗಳಲ್ಲಿ, ಹೋಟೆಲುಗಳಲ್ಲಿ ಬಾಂಬ್ ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ಕರ್ನಾಟಕದಿಂದ ಹೋದವರೂ ಅದರಲ್ಲಿದ್ದರು. ಚರ್ಚಿನಿಂದ ಬಂದು ಊಟಕ್ಕೆ ಕೂತು ಟಿವಿ ಹಚ್ಚಿದರೆ ಈ ಸುದ್ದಿ. "ಕ್ರಿಸ್ತನು ಎದ್ದಿದ್ದಾನೆ" ಎಂದು ನಾವಿಲ್ಲಿ ಹಾಡಿ ಬಂದದ್ದನ್ನೇ ಹಾಡಲು ಅವರೂ ಹೋಗಿದ್ದರು. ಮರುವರ್ಷ, 2020ರ ಏಪ್ರಿಲ್ 12ರ ಈಸ್ಟರಿಗೆ ಲಾಕ್‌ಡೌನ್, ಚರ್ಚಿಗೆ ಬೀಗ. ಅವ್ವ ಮೊಬೈಲನ್ನು ಸಕ್ಕರೆ ಡಬ್ಬಿಗೆ ಆನಿಸಿ ಇಟ್ಟು ಆರಾಧನೆ ನೋಡಿದಳು.

2021ರ ಮೇ ತಿಂಗಳಲ್ಲಿ ನಮ್ಮಣ್ಣ ಹೋದ.

ಎರಡನೇ ಅಲೆ. ಆಕ್ಸಿಜನ್ ಬೆಡ್ಡಿಗಾಗಿ ಎಷ್ಟು ಕಡೆ ಫೋನ್ ಮಾಡಿದೆವು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಇದನ್ನು ಓದುವವರಲ್ಲಿ ಅರ್ಧ ಜನಕ್ಕೆ ತಮ್ಮದೇ ಕಥೆ ಇದೆ. ಕಟ್ಟಿದ ಹೆಣ ನೇರವಾಗಿ ಸ್ಮಶಾನಕ್ಕೇ ಬಂತು. ಪಿಪಿಇ ಹಾಕಿದ ಹುಡುಗರು ಇಳಿಸಿದರು. ಮುಖ ನೋಡಲಿಲ್ಲ. ಸಭಾಪಾಲಕರು ದೂರ ನಿಂತು, ಮಾಸ್ಕಿನೊಳಗಿಂದ, ಬೈಬಲ್ಲಿನಲ್ಲಿ ಆದಿ ಕ್ರೈಸ್ತರ ಗುರು ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ಓದಿದರು. ಮರಣವೇ, ನಿನ್ನ ಜಯವೆಲ್ಲಿ? ನನಗೆ ಮೈಯೆಲ್ಲ ಉರಿಯಿತು. ಎಲ್ಲಿ ಅಂದರೆ? ಇಲ್ಲೇ ಐತಲ್ಲ, ಪ್ಲಾಸ್ಟಿಕ್ಕಿನಾಗ ಸುತ್ತಿ ಇಟ್ಟಾರಲ್ಲ!

ಆ ಸಿಟ್ಟಿನಲ್ಲೇ ಮನೆಗೆ ಬಂದು ಆ ಅಧ್ಯಾಯವನ್ನು ಮೊದಲಿಂದ ಓದಿದೆ. ಬಾಯಿಪಾಠ ಬರುವಷ್ಟು ಕೇಳಿದ್ದರೂ ಒಂದು ಸಂಗತಿ ಅವತ್ತೇ ಕಣ್ಣಿಗೆ ಬಿತ್ತು. ಪೌಲ ಆ ಪ್ರಶ್ನೆಯನ್ನು ಇವತ್ತಿಗೆ ಅಂತ ಹಾಕಿಲ್ಲ. ಸತ್ತವರು ಎದ್ದು, ನಾಶವಾಗುವ ದೇಹ ನಾಶವಾಗದ್ದನ್ನು ಧರಿಸಿಕೊಂಡಾಗ, ಆಗ ಆ ಮಾತು ನೆರವೇರುತ್ತದೆ ಅನ್ನುತ್ತಾನೆ. ಅದಕ್ಕಿಂತ ಹಿಂದೆಯೇ ಮರಣವನ್ನು ಕಡೆಯ ಶತ್ರು ಎಂದು ಕರೆದಿದ್ದಾನೆ. ಶತ್ರು! ಅವನ ಪ್ರಕಾರ ಅದು ಇನ್ನೂ ಸೋತು ಮುಗಿದಿಲ್ಲ. ಅಂದಮೇಲೆ ಶತ್ರು ಮನೆಗೆ ನುಗ್ಗಿ ಅಣ್ಣನನ್ನು ಎಳೆದೊಯ್ದಾಗ ನಾನು ನಗುಮುಖ ಮಾಡಿ ಯಾಕೆ ನಿಲ್ಲಬೇಕು?

ನಮ್ಮ ಲಿಂಗಾಯತ ನೆರೆಯವರಲ್ಲಿ "ಮರಣವೇ ಮಹಾನವಮಿ" ಎಂಬ ಮಾತಿದೆ. ಹಾಗೆ ಬದುಕಿ, ಸಾವನ್ನು ಹಬ್ಬದ ಹಾಗೆ ಎದುರುಗೊಂಡ ಹಿರಿಯರನ್ನು ನಾನೇ ಕಂಡಿದ್ದೇನೆ, ಅವರ ಬಗ್ಗೆ ನನಗೆ ಗೌರವವಿದೆ. ಆ ಧೈರ್ಯ ನನ್ನದಲ್ಲ, ನನ್ನ ಗ್ರಂಥದ್ದೂ ಅಲ್ಲ. ಸತ್ತ ಗೆಳೆಯ ಲಾಜರನ ಗೋರಿಗೆ ಹೊರಟಾಗ ಯೇಸು ಅತ್ತ ಎಂದು ಇನ್ನೊಬ್ಬ ಸುವಾರ್ತೆಗಾರ ಯೋಹಾನ ಬರೆಯುತ್ತಾನೆ. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸುವವನೇ ಅಳುತ್ತಾನೆ! "ಅಳಬ್ಯಾಡ್ರಿ" ಅನ್ನುವವರು ಲಾಜರನ ಊರು ಬೇಥಾನ್ಯಕ್ಕೆ ಹೋಗಿದ್ದರೆ ಅವನಿಗೂ ಅದನ್ನೇ ಹೇಳುತ್ತಿದ್ದರೇನೋ.

ಜರ್ಮನಿಯ ದೇವಶಾಸ್ತ್ರಜ್ಞ ಯೂರ್ಗನ್ ಮೋಲ್ಟ್‌ಮನ್ 2024ರಲ್ಲಿ ತೀರಿಕೊಂಡರು. 1943ರಲ್ಲಿ ಹ್ಯಾಂಬರ್ಗ್ ಮೇಲೆ ಬಾಂಬ್ ಸುರಿದಾಗ ಅವರು ಹದಿಹರೆಯದ ಹುಡುಗ, ವಿಮಾನ ಹೊಡೆಯುವ ತೋಪಿನ ಹತ್ತಿರ ಡ್ಯೂಟಿ. ಪಕ್ಕದಲ್ಲಿ ನಿಂತಿದ್ದ ಗೆಳೆಯ ಸತ್ತ, ಇವರು ಉಳಿದರು. 1945ರಲ್ಲಿ ಸೆರೆ ಸಿಕ್ಕಿ ಸ್ಕಾಟ್ಲೆಂಡಿನ ಕ್ಯಾಂಪಿನಲ್ಲಿದ್ದಾಗ ಅಲ್ಲಿಯ ಪಾದ್ರಿಯೊಬ್ಬರು ಕೊಟ್ಟ ಬೈಬಲ್ ಕೈಗೆ ಬಂತು. ಮನೆಯಲ್ಲಿ ಭಕ್ತಿ ಅಷ್ಟಕ್ಕಷ್ಟೇ ಇದ್ದ ಹುಡುಗ. ಅವರನ್ನು ಹಿಡಿದು ನಿಲ್ಲಿಸಿದ್ದು ಮಾರ್ಕನ ಸುವಾರ್ತೆಯಲ್ಲಿ ಶಿಲುಬೆಯ ಮೇಲಿನ ಕೂಗು: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ? ತನ್ನ ಹೊಟ್ಟೆಯೊಳಗಿನ ಪ್ರಶ್ನೆಯನ್ನೇ ಕೇಳಿದವನೊಬ್ಬ ಇದ್ದಾನೆ ಅಂತ ಗೊತ್ತಾದಾಗ ಅವರಿಗೆ ಮತ್ತೆ ಬದುಕುವ ಆಸೆ ಬಂತು. ಮುಂದೆ ಜಗತ್ತಿನ ಚರ್ಚುಗಳಿಗೆಲ್ಲ ಭರವಸೆಯ ಬಗ್ಗೆ ಪಾಠ ಹೇಳಿದ ಮನುಷ್ಯ ಅವರು. ಕ್ರಿಸ್ತನಲ್ಲಿ ಭರವಸೆ ಇಟ್ಟವನು ಇರುವ ಲೋಕವನ್ನು ಇದ್ದಹಾಗೇ ಸಹಿಸಿಕೊಂಡು ಕೂರಲಾರ ಅನ್ನುವುದು ಅವರ ವಾದ. ಈ ಭರವಸೆಯಿಂದ ನೆಮ್ಮದಿಗಿಂತ ಚಡಪಡಿಕೆಯೇ ಹೆಚ್ಚು. ಅದು ನನಗೆ ಸರಿ ಕಂಡಿದೆ.

ಈಗ ನನ್ನ ಗೆಳೆಯನ ಪ್ರಶ್ನೆ. ಕಾಲೇಜಿನಿಂದ ಜೊತೆಗಿರುವವನು, ಪಕ್ಕಾ ನಾಸ್ತಿಕ. ಅಣ್ಣನ ಸಾವಿನ ನಂತರ ದಿನಾ ಸಂಜೆ ಬಂದು ಕೂಡುತ್ತಿದ್ದವನೂ ಅವನೇ. "ಅಲ್ಲೋ, ಸತ್ತಾಂವ ಎದ್ದ ಅಂದ್ರ ನೀ ಖರೇನ ನಂಬ್ತಿ?" ನಂಬುತ್ತೇನೆ. ಸಾಬೀತು ಮಾಡಿ ತೋರಿಸು ಅಂದರೆ ಆಗುವುದಿಲ್ಲ. ಆದರೆ ಕಥೆ ಕಟ್ಟುವವರು ಹೀಗೆ ಕಟ್ಟುತ್ತಿರಲಿಲ್ಲ ಅಂತ ಅನ್ನಿಸುತ್ತದೆ. ನಾಲ್ಕನೇ ಶತಮಾನದ ಎರಡು ಪ್ರಸಿದ್ಧ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆ 16ನೇ ಅಧ್ಯಾಯದ 8ನೇ ವಚನಕ್ಕೇ ನಿಲ್ಲುತ್ತದೆ. ಹೆಂಗಸರು ಗೋರಿಯಿಂದ ನಡುಗುತ್ತ ಓಡಿದರು, ಹೆದರಿ ಯಾರಿಗೂ ಏನೂ ಹೇಳಲಿಲ್ಲ. ಮುಗಿಯಿತು. ಲೂಕನಲ್ಲಿ ಆ ಹೆಂಗಸರು ಹೇಳಿದಾಗ ಅಪೊಸ್ತಲರು, ಅಂದರೆ ಯೇಸುವಿನ ಆಪ್ತ ಶಿಷ್ಯರು, ಅದನ್ನು ಬರೀ ಹರಟೆ ಅಂತ ತಳ್ಳಿಹಾಕುತ್ತಾರೆ. ಯೋಹಾನನಲ್ಲಿ, ಗೋರಿಗೆ ಬಂದ ಶಿಷ್ಯೆ ಮಗ್ದಲದ ಮರಿಯಳು ಎದುರಿಗೆ ನಿಂತ ಯೇಸುವನ್ನೇ ತೋಟದ ಮಾಲಿ ಅಂದುಕೊಳ್ಳುತ್ತಾಳೆ. ತಮ್ಮ ಗುರುವನ್ನು ದೊಡ್ಡವನು ಮಾಡಲು ಹೊರಟವರು ತಮ್ಮದೇ ಹೆದರಿಕೆ, ಅಪನಂಬಿಕೆಯನ್ನು ಇಷ್ಟು ಬಿಚ್ಚಿ ಬರೆದುಕೊಳ್ಳುತ್ತಾರೆಯೇ? ಗೆಳೆಯ ಇದಕ್ಕೆ, "ಹೆದರಿದವರು ಏನೇನೋ ಕಾಣ್ತಾರ" ಅಂತ ಉತ್ತರ ಕೊಟ್ಟ. ಅವನ ಮಾತಿನಲ್ಲೂ ತೂಕವಿದೆ. ನಮ್ಮ ಜಗಳ ಇನ್ನೂ ನಡೆದಿದೆ.

ನನ್ನನ್ನು ಹೆಚ್ಚು ಕಾಡುವುದು ಯೋಹಾನನ 20ನೇ ಅಧ್ಯಾಯ. ಎದ್ದು ಬಂದವನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇದೆ. ಸಾವನ್ನೇ ಗೆದ್ದವನಿಗೆ ಗಾಯ ಮಾಯಿಸಿಕೊಳ್ಳುವುದು ಕಷ್ಟವಿತ್ತೇ? ನಂಬದೇ ಇದ್ದ ಶಿಷ್ಯ ತೋಮನಿಗೆ ಅದನ್ನೇ ತೋರಿಸುತ್ತಾನೆ. ಆಗಿದ್ದನ್ನು ಅಳಿಸಿ ಬರೆಯುವ ದೇವರಾಗಿದ್ದರೆ ನನ್ನ ಅಣ್ಣನ ಕೊನೆಯ ವಾರವನ್ನೂ ಅಳಿಸಿ, ಏನೂ ಆಗೇ ಇಲ್ಲ ಎನ್ನುತ್ತಿದ್ದನೋ ಏನೋ. ಈ ದೇವರು ಹಾಗೆ ಮಾಡುವವನಲ್ಲ ಅನ್ನುವುದಕ್ಕೆ ನನಗೆ ಆ ಗಾಯವೇ ಗುರುತು.

ನಮ್ಮ ಸಭೆಯಲ್ಲಿ ಈಸ್ಟರ್ ಹಿಂದಿನ ದಿನ ಸ್ಮಶಾನಕ್ಕೆ ಹೋಗಿ ಗೋರಿಗಳಿಗೆ ಸುಣ್ಣ ಬಳಿಯುವ ರೂಢಿ ಇದೆ. ಹುಲ್ಲು ಕೀಳಬೇಕು, ಕಲ್ಲಿನ ಮೇಲೆ ಕೊರೆದ ಹೆಸರಿನೊಳಗೆ ಕೂತ ಮಣ್ಣನ್ನು ಮೊಳೆಯಿಂದ ಕೆರೆದು ತೆಗೆಯಬೇಕು, ಆಮೇಲೆ ಸುಣ್ಣ. 2022ರಲ್ಲಿ ವೈನಿ, ಅಂದರೆ ಅಣ್ಣನ ಹೆಂಡತಿ, ನನ್ನ ಜೊತೆ ಬಂದಿದ್ದರು. ಅಣ್ಣ ಹೋದಮೇಲೆ ಚರ್ಚಿನ ಕಡೆ ತಲೆ ಹಾಕಿರಲಿಲ್ಲ, ಸುಣ್ಣಕ್ಕೆ ಮಾತ್ರ ಬಂದರು. ಬಕೆಟ್ಟಿನಲ್ಲಿ ಸುಣ್ಣ ಕಲಸುತ್ತ, ನನ್ನ ಕಡೆ ನೋಡದೇ ಕೇಳಿದರು: "ತಮ್ಮಾ, ನಾಳೆ ಅಂವ ಎದ್ದ ಅಂತ ಹಾಡ್ತೀರಲ್ಲ, ಇಂವ ಯಾವಾಗ ಏಳ್ತಾನ?"

"ಗೊತ್ತಿಲ್ಲ ವೈನಿ."

"ಹೂಂ. ಗೊತ್ತಿಲ್ಲ ಅಂತ ಹೇಳಿದಾಂವ ನೀನೊಬ್ಬನ ನೋಡು." ಅಷ್ಟು ಹೇಳಿ ಅಣ್ಣನ ಹೆಸರಿನ ಮೊದಲಕ್ಷರದ ಮೇಲೆ ಮೊಳೆ ಇಟ್ಟು ಕೆರೆಯತೊಡಗಿದರು. ಅಲ್ಲಿ ಮಣ್ಣೇನೂ ಇರಲಿಲ್ಲ, ಹೊಸ ಕಲ್ಲು.

ಮರುದಿನ ಬೆಳಗಿನ ಆರಾಧನೆಗೆ ಅವರು ಬರಲಿಲ್ಲ. ಅದರ ಮುಂದಿನ ವರ್ಷ ಬಂದು ಹಿಂದೆ ನಿಂತರು. ಈಗಲೂ ನಂಬುತ್ತೀರಾ ಅಂದರೆ ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದೂ ಇಲ್ಲ. ಆದರೆ ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ರೊಟ್ಟಿ, ಝುಣಕ ಕಟ್ಟಿಕೊಂಡು ಮೊದಲು ಹೋಗುವವರು ಅವರೇ. ಅಣ್ಣ ಸತ್ತ ವಾರ, ಎಲ್ಲರೂ ಹೆದರಿ ಕದ ಹಾಕಿಕೊಂಡಿದ್ದಾಗ, ಎದುರು ಮನೆಯ ಅವ್ವಾರು ಗೇಟಿನ ಮೇಲೆ ಬುತ್ತಿ ಇಟ್ಟು ಕೂಗಿ ಹೋಗುತ್ತಿದ್ದರು. ಆ ಋಣವೋ ಏನೋ. ಹೋದ ಮನೆಯಲ್ಲಿ ವೈನಿ ಮಾತಾಡುವುದಿಲ್ಲ. ಯಾರಾದರೂ "ಅಳಬ್ಯಾಡ್ರಿ" ಅಂದರೆ ಮಾತ್ರ, "ಅಳಲಿ ಬಿಡ್ರಿ ಆಕಿನ್ನ" ಅಂತ ಗದರುತ್ತಾರೆ.

ಯೋಹಾನನ ಕೊನೆಯ ಅಧ್ಯಾಯದಲ್ಲಿ ಎದ್ದು ಬಂದ ಯೇಸು ಪ್ರಸಂಗ ಶುರು ಮಾಡುವ ಮೊದಲು ಕೆರೆಯ ದಂಡೆಯಲ್ಲಿ ಕೆಂಡದ ಮೇಲೆ ಮೀನು ಸುಡುತ್ತಾನೆ, ರಾತ್ರಿಯೆಲ್ಲ ಬಲೆ ಬೀಸಿ ದಣಿದವರನ್ನು ಬರ್ರಿ, ಊಟ ಮಾಡ್ರಿ ಎಂದು ಕರೆಯುತ್ತಾನೆ. ಇದನ್ನು ವೈನಿಗೆ ಓದಿ ಹೇಳಿದೆ. "ಅಷ್ಟು ಮಂದಿಗೆ ಅಂವ ಒಬ್ಬನ ಅಡಗಿ ಮಾಡಿದ್ನ?" ಅಂತ ಕೇಳಿದರು. ಅವರಿಗೆ ಆ ಭಾಗ ಹಿಡಿಸಿತು.

ಈ ಭಾನುವಾರ ಬೆಳಿಗ್ಗೆ ಐದಕ್ಕೆ ನಮ್ಮ ಸ್ಮಶಾನದಲ್ಲೇ ಆರಾಧನೆ. ಮುಗಿದಮೇಲೆ ಚರ್ಚಿನ ಹಿಂದೆ ಉಪ್ಪಿಟ್ಟು, ಚಹಾ ಇರುತ್ತದೆ, ವೈನಿಯದೇ ಉಸ್ತುವಾರಿ. ಯಾವ ಧರ್ಮದವರಾದರೂ, ಯಾವ ಧರ್ಮವೂ ಬೇಡ ಅನ್ನುವವರಾದರೂ ಬರಬಹುದು. ನನ್ನ ನಾಸ್ತಿಕ ಗೆಳೆಯ ಚಹಾದ ಹೊತ್ತಿಗೆ ಸರಿಯಾಗಿ ಬರುತ್ತೇನೆ ಅಂದಿದ್ದಾನೆ. ಅವನ ಜೋಡಿ ವಾದಕ್ಕೆ ಕೂರುವವರಿಗೆ ಬ್ಯಾರೆ ಕುರ್ಚಿ ಹಾಕಿಸ್ತೀನಿ.