ದಡ ಮುಟ್ಟಿದರೆ ಕಥೆ ಮುಗಿಯಲ್ಲ

ಹರಿಕೇನ್, ಅಂದರೆ ನಮ್ಮ ಕಡೆ ಚಂಡಮಾರುತ ಅನ್ನುವುದು, ಹೇಗೆ ಹುಟ್ಟುತ್ತದೆ ಅನ್ನುವುದನ್ನು ನಿಮ್ಮ ಬರಹದಲ್ಲಿ ಚೆನ್ನಾಗಿ ಬಿಡಿಸಿ ಹೇಳಿದ್ದೀರಿ ಸರ್. ಕಡಲ ನೀರು 26-27 ಡಿಗ್ರಿಯಷ್ಟು ಕಾದಿರಬೇಕು. ಮೇಲೇರಿದ ಆವಿ ಮೋಡವಾಗುವಾಗ ಬಿಡುವ ಶಾಖವೇ ಅದಕ್ಕೆ ಬಲ. ಒಪ್ಪಿದೆ. ಆದರೆ 'ನೆಲಕ್ಕೆ ಬಂದ ಮೇಲೆ ಭಯವಿಲ್ಲ' ಅಂದಿದ್ದೀರಲ್ಲ, ಅದಕ್ಕೆ ಮಾತ್ರ ನನ್ನ ತಕರಾರಿದೆ.

ನಮ್ಮ ಕಲಬುರಗಿ ಕಡೆಯವರನ್ನು ಕೇಳಿ. 2020ರ ಅಕ್ಟೋಬರ್ 13ರಂದು ಕಾಕಿನಾಡದ ಹತ್ತಿರ ದಡ ಮುಟ್ಟಿದ್ದು ಚಂಡಮಾರುತವೂ ಅಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ತೀವ್ರ ವಾಯುಭಾರ ಕುಸಿತ. ತೆಲಂಗಾಣ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಗಾಳಿಯ ಜೋರು ಇಳಿದಿತ್ತು. ಮಳೆ ಮಾತ್ರ ಬಿಡಲಿಲ್ಲ. ಮೇಲಿನಿಂದ ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ಬಿಟ್ಟ ನೀರು, ಇಲ್ಲಿ ನಮ್ಮದೇ ಮಳೆ. ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆ ಊರೊಳಗೇ ಬಂದಳು. ನದಿಯಿಂದ ದೂರದ ಹೊಲಗಳೂ ಉಳಿಯಲಿಲ್ಲ. ಕರಿ ಮಣ್ಣು ನೀರು ಹಿಡಿದರೆ ಬೇಗ ಬಿಡುವುದಿಲ್ಲ, ಅಲ್ವಾ? ತೊಗರಿ ಎಲೆ ಹಳದಿಯಾಗಿ ಜೋತುಬಿತ್ತು. ಗಿಡ ಹಿಡಿದು ಎಳೆದರೆ ಕೊಳೆತ ಬೇರು ಸಮೇತ ಕೈಗೆ ಬರುತ್ತಿತ್ತು.

ಕರಾವಳಿಯಲ್ಲೂ ಅಷ್ಟೇ. ಗಾಳಿಗಿಂತ ಜಾಸ್ತಿ ಜೀವ ತೆಗೆಯುವುದು ಉಬ್ಬಿ ಒಳನುಗ್ಗುವ ಕಡಲ ನೀರು. 1999ರಲ್ಲಿ ಒಡಿಶಾದಲ್ಲಿ ಆಗಿದ್ದೂ ಅದೇ.

ಟಿವಿಯವರು ದಡ ಮುಟ್ಟಿದ ಕೂಡಲೇ ಕ್ಯಾಮೆರಾ ಮಡಚಿ ಹೊರಡುತ್ತಾರೆ. ಸುಮ್ನೆ ತೆಂಗಿನಮರ ಬಾಗುವುದನ್ನೇ ತೋರಿಸುವ ಬದಲು, ಮುಂದಿನ ಎರಡು ದಿನ ಒಳನಾಡಲ್ಲಿ ಎಲ್ಲಿ ಎಷ್ಟು ಮಳೆ ಅಂತ ಹೇಳಲಿ. ಬೀದರ್ ಕಡೆ ಕೊಯ್ದು ಹೊಲದಲ್ಲೇ ಬಿಟ್ಟ ಸೋಯಾ ಆದರೂ ಮನೆ ಸೇರುತ್ತದೆ.